ಗದ್ದೆ ಖಾಲಿ ಬಿದ್ದಿದೆ, ಉದ್ದು ಮಾತ್ರ ಮ್ಯಾನ್ಮಾರ್‌ನಿಂದ ಬರುತ್ತಿದೆ

ಸೊರಬದ ಗದ್ದೆಯವನು

ಮೊನ್ನೆ ನಮ್ಮ ಭತ್ತದ ಕೊಯ್ಲು ಮುಗಿಯಿತು. ಹುಲ್ಲಿನ ಹೊರೆಗಳನ್ನೆಲ್ಲ ಮನೆಗೆ ಸಾಗಿಸಿದ ಮೇಲೆ ಸಂಜೆ ಗದ್ದೆಯ ಅಂಚಿನಲ್ಲಿ ನಿಂತು ನೋಡಿದೆ. ನಮ್ಮ ಬಯಲು ಸುಮಾರು ಎಂಬತ್ತು ಎಕರೆ. ಇನ್ನು ಜೂನ್‌ವರೆಗೆ ಅದರಲ್ಲಿ ಒಂದು ಹಸಿರು ಗಿಡವೂ ಇರುವುದಿಲ್ಲ. ಬಗ್ಗಿ ಹೆಬ್ಬೆರಳಿನಿಂದ ಮಣ್ಣನ್ನು ಒತ್ತಿದೆ. ಬೆರಳು ಅರ್ಧಕ್ಕೆ ಇಳಿಯಿತು. ಅಷ್ಟು ಪಸೆ ಇದೆ.

ಅದೇ ವಾರ ಪೇಟೆಗೆ ಹೋಗಿದ್ದೆ. ಅಂಗಡಿಯಲ್ಲಿ ಉದ್ದಿನ ಚೀಲವನ್ನು ಬಿಚ್ಚುತ್ತಿದ್ದರು. ಹೊಲಿಗೆಯ ಪಕ್ಕದಲ್ಲಿ ಅಚ್ಚು ಹಾಕಿದ್ದ ಊರಿನ ಹೆಸರು ಮ್ಯಾನ್ಮಾರ್‌ನದು. ಪಕ್ಕದ ತೊಗರಿ ಚೀಲ ಮೊಜಾಂಬಿಕ್‌ನದು. ಆ ಹೊತ್ತಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಾನು ಚಿಕ್ಕವನಿದ್ದಾಗ ಅಪ್ಪ ಕೊಯ್ಲಾದ ನಾಲ್ಕೈದು ದಿನದೊಳಗೆ ಒಂದು ಉಳುಮೆ ಹೊಡೆದು ಉದ್ದು ಚೆಲ್ಲುತ್ತಿದ್ದರು. ನೀರು ಕೊಡುತ್ತಿರಲಿಲ್ಲ, ಗೊಬ್ಬರ ಹಾಕುತ್ತಿರಲಿಲ್ಲ. ರಾತ್ರಿಯ ಇಬ್ಬನಿ ಮತ್ತು ನೆಲದ ಪಸೆ, ಅಷ್ಟರಲ್ಲೇ ಬೆಳೆ ಬರುತ್ತಿತ್ತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಗಿಡಗಳನ್ನು ಬೇರುಸಹಿತ ಕಿತ್ತು, ಕಣದಲ್ಲಿ ಒಣಗಿಸಿ, ಕೋಲಿನಿಂದ ಬಡಿಯುತ್ತಿದ್ದೆವು. ವರ್ಷಪೂರ್ತಿ ದೋಸೆಗೆ ಉದ್ದು ಮನೆಯದೇ ಆಗಿತ್ತು.

ಮೂರು ವರ್ಷಗಳ ಹಿಂದೆ ನಾನೂ ಒಂದು ಎಕರೆಗೆ ಹಾಕಿದೆ. ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ಉಳುಮೆಗೆ 1500, ಬೀಜಕ್ಕೆ 1560, ಕೀಳುವುದಕ್ಕೆ ಆರು ಆಳಿಗೆ 2400, ಬಡಿದು ತೂರಿ ಚೀಲ ಕಟ್ಟುವುದಕ್ಕೆ 1200. ಒಟ್ಟು 6660 ರೂಪಾಯಿ. ಬಂದ ಕಾಳು ಎರಡು ಕ್ವಿಂಟಲ್ ಇಪ್ಪತ್ತು ಕಿಲೋ. ಆ ವರ್ಷ, ಅಂದರೆ 2022-23ರಲ್ಲಿ, ಉದ್ದಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 6600 ಇತ್ತು. ನಾನು ಮಾರಿದ್ದು 5400ಕ್ಕೆ, ಏಕೆಂದರೆ ಮಾರ್ಚ್‌ನಲ್ಲಿ ನಮ್ಮ ಸುತ್ತಮುತ್ತ ಉದ್ದು ಕೊಳ್ಳುವ ಖರೀದಿ ಕೇಂದ್ರವೇ ಇರಲಿಲ್ಲ. ಕೈಗೆ ಉಳಿದದ್ದು 5220. ಸರ್ಕಾರ ಘೋಷಿಸಿದ ಬೆಲೆಯೇ ಸಿಕ್ಕಿದ್ದರೆ ಇನ್ನೂ 2640 ಸಿಗುತ್ತಿತ್ತು. ಮರುವರ್ಷ ನಾನು ಬಿತ್ತಲಿಲ್ಲ.

ನೆಲ ಇದೆ, ಪಸೆ ಇದೆ, ಬೆಳೆಯುವುದು ಗೊತ್ತಿದೆ. ಮತ್ತೆ ಏಕೆ ಸಮುದ್ರದಾಚೆಯಿಂದ ತರಿಸಿ ತಿನ್ನುತ್ತಿದ್ದೇವೆ? ತಿಳಿದವರು ಹೇಳಿ.

ಗಾಂಧಿಬಜಾರಿನ ದಿನಸಿ ಅಂಗಡಿ

ಗದ್ದೆಯವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಗಲ್ಲಾ ಪೆಟ್ಟಿಗೆಯ ಈಚೆ ಕೂತವನ ಮಾತನ್ನೂ ಕೇಳಿ.

2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಕಿಲೋ ಲೆಕ್ಕದಲ್ಲಿ ಒಯ್ಯುತ್ತಿದ್ದವರು ಕಾಲು ಕಿಲೋಗೆ ಇಳಿದರು. ಒಬ್ಬ ತಾಯಿ ನೂರು ಗ್ರಾಂ ಕಟ್ಟಿಕೊಡಿ ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ತೂಗಿದ್ದೇನೆ. ಹೊರಗಿನಿಂದ ಸರಕು ಬರದೇ ಹೋಗಿದ್ದರೆ ಆ ದಿನಗಳು ಇನ್ನೂ ಉದ್ದವಾಗುತ್ತಿದ್ದವು.

ಬೇಳೆಯ ಲೆಕ್ಕ ಹೇಳುತ್ತೇನೆ. ನೂರು ಕಿಲೋ ತೊಗರಿಯನ್ನು ಮಿಲ್ಲಿಗೆ ಹಾಕಿದರೆ ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ದನದ ಮೇವಿಗೆ. 2025-26ರ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8000. ಅಂದರೆ ಕಾಳಿನ ಬೆಲೆಯೇ ಬೇಳೆಯ ಲೆಕ್ಕದಲ್ಲಿ ಕಿಲೋಗೆ 107ರಿಂದ 114 ರೂಪಾಯಿ. ಅದರ ಮೇಲೆ ಮಿಲ್ಲಿನ ಖರ್ಚು, ಲಾರಿ ಬಾಡಿಗೆ, ಚೀಲ, ಸಗಟಿನವರ ಲಾಭ, ಕೊನೆಗೆ ನನ್ನದು. ರೈತನಿಗೆ ನ್ಯಾಯವಾದ ಬೆಲೆ ಕೊಟ್ಟರೆ ಗಿರಾಕಿಗೆ ಅಗ್ಗದ ಬೇಳೆ ಸಿಗುವುದಿಲ್ಲ. ಇದನ್ನು ಒಪ್ಪಿಕೊಂಡೇ ಮಾತು ಮುಂದುವರಿಸಬೇಕು.

ಇನ್ನೊಂದು ಸಂಗತಿ. ನಮ್ಮ ತೊಗರಿ ಪೇಟೆಗೆ ಬರುವುದು ಡಿಸೆಂಬರ್‌ನಿಂದ. ಆಫ್ರಿಕಾದ್ದು ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ನಮ್ಮ ಹಳೆಯ ದಾಸ್ತಾನು ಬರಿದಾಗುವ ಹೊತ್ತಿಗೆ. ದಸರಾ ದೀಪಾವಳಿಯ ಬೇಳೆ ಸಾರಿಗೆ ಆ ಸರಕೇ ಆಧಾರ.

ಕಲಬುರಗಿಯಿಂದ ಭದ್ರಾವತಿಗೆ

ನೌಕರಿಯ ದೆಸೆಯಿಂದ ಹತ್ತು ವರ್ಷಗಳಿಂದ ಭದ್ರಾವತಿಯಲ್ಲಿದ್ದೇನೆ. ನಮ್ಮ ಮನೆತನದ ಹೊಲ ಇರುವುದು ತೊಗರಿಯ ಕಣಜ ಎನ್ನುವ ಸೀಮೆಯಲ್ಲಿ. ಅಂಗಡಿಯವರು 2015ರ ಕಥೆ ಹೇಳಿದರು. ಅದರ ಮುಂದಿನ ವರ್ಷ ಏನಾಯಿತೆಂದು ನಾನು ಹೇಳಬೇಕು.

ಬೆಲೆ 200 ಮುಟ್ಟಿದ್ದನ್ನು ಕಂಡು 2016ರ ಮುಂಗಾರಿನಲ್ಲಿ ಎಲ್ಲರೂ ತೊಗರಿ ಬಿತ್ತಿದರು. ನಮ್ಮಣ್ಣ ಹತ್ತಿ ಬಿಟ್ಟು ತೊಗರಿ ಹಾಕಿದ. ಮಳೆಯೂ ಕೈ ಹಿಡಿಯಿತು. ದೇಶದ ತೊಗರಿ ಉತ್ಪಾದನೆ 48 ಲಕ್ಷ ಟನ್ ಆಸುಪಾಸಿಗೆ ಏರಿತು. ಅದೇ 2016-17ರಲ್ಲಿ ಎಲ್ಲ ಬೇಳೆಕಾಳು ಸೇರಿ ಸುಮಾರು 66 ಲಕ್ಷ ಟನ್ ಆಮದೂ ಆಯಿತು. ಮನೆಯಲ್ಲೇ ಕಣಜ ತುಂಬಿದ ವರ್ಷ ಬಂದರಿನಲ್ಲೂ ಹಡಗು ಖಾಲಿಯಾಗುತ್ತಿತ್ತು. ಬೆಂಬಲ ಬೆಲೆ 5050, ರಾಜ್ಯ ಸರ್ಕಾರ ಸೇರಿಸಿದ್ದು 450, ಒಟ್ಟು 5500. ಪೇಟೆಯಲ್ಲಿ ಕೇಳುತ್ತಿದ್ದದ್ದು ನಾಲ್ಕು ಸಾವಿರದ ಸುತ್ತ. ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್‌ಗಳ ಸಾಲು. ಒಳಗೆ ಗೋಣಿಚೀಲವಿಲ್ಲ ಎನ್ನುವ ಉತ್ತರ. ನಮ್ಮಣ್ಣ ಟ್ರೇಲರ್ ಕೆಳಗೆ ಮೂರು ರಾತ್ರಿ ಮಲಗಿದ. ನಾಲ್ಕನೆಯ ದಿನ ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟು ಮನೆಗೆ ಬಂದ.

ತೊಗರಿ ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ. ಆ ಹೊತ್ತಿಗೆ ಸಣ್ಣ ರೈತನ ಮನೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. 2006ರಿಂದ ಬೇಳೆಕಾಳು ರಫ್ತಿಗೂ ನಿಷೇಧವಿತ್ತು. ಅದನ್ನು ಪೂರ್ತಿ ತೆಗೆದದ್ದು 2017ರ ನವೆಂಬರ್‌ನಲ್ಲಿ. ಬೆಲೆ ಏರಿದ ಕಾಲದಲ್ಲಿ ರೈತ ಹೊರಗೆ ಮಾರುವಂತಿರಲಿಲ್ಲ. ಬೆಲೆ ಬಿದ್ದ ಕಾಲದಲ್ಲಿ ಹೊರಗಿನದು ಒಳಗೆ ಬರುತ್ತಿತ್ತು.

ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ್ ಸುಬ್ರಮಣಿಯನ್ ಅವರ ಸಮಿತಿ 2016ರ ಸೆಪ್ಟೆಂಬರ್‌ನಲ್ಲೇ ವರದಿ ಕೊಟ್ಟಿತ್ತು. ಬೆಂಬಲ ಬೆಲೆ ಏರಿಸಿ, ಯುದ್ಧೋಪಾದಿಯಲ್ಲಿ ಖರೀದಿಸಿ, 20 ಲಕ್ಷ ಟನ್ ಕಾಪು ದಾಸ್ತಾನು (ಕೊರತೆಯ ಕಾಲಕ್ಕೆಂದು ಎತ್ತಿಡುವ ಸರಕು) ಮಾಡಿ, ರಫ್ತು ನಿಷೇಧ ತೆಗೆಯಿರಿ ಎಂದು ಅದು ಹೇಳಿತ್ತು. ಸಲಹೆ ಕಣ್ಣ ಮುಂದಿದ್ದಾಗಲೇ ಇಷ್ಟೆಲ್ಲ ನಡೆಯಿತು.

ಇನ್ನೊಂದು ಮಾತು. ಮೊಜಾಂಬಿಕ್‌ನ ರೈತರ ಮೇಲೆ ಸಿಟ್ಟು ಬೇಡ. 2016ರ ಜುಲೈನಲ್ಲಿ ನಮ್ಮ ದೇಶವೇ ಅವರೊಡನೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತೊಗರಿ ಕೊಳ್ಳುತ್ತೇವೆ ಎಂದಿತು. ಅವರು ನಮಗಾಗಿಯೇ ಬಿತ್ತಿದರು. ಮರುವರ್ಷ ನಾವು ಬಾಗಿಲು ಹಾಕಿದಾಗ ಅಲ್ಲಿಯೂ ಬೆಲೆ ಕುಸಿಯಿತು. ಅಲ್ಲಿಯೂ ಒಬ್ಬ ಅಣ್ಣ ಟ್ರೇಲರ್ ಕೆಳಗೆ ಮಲಗಿದ್ದಿರಬೇಕು.

ಶಿರಾಳಕೊಪ್ಪದ ಹೊಲ

ನಮ್ಮ ಶಿಕಾರಿಪುರ ತಾಲ್ಲೂಕಿನ ಖುಷ್ಕಿ ಹೊಲಗಳಲ್ಲಿ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುವೆ ಹಾಕುವ ಕಾಳಿನ ಸಾಲು) ಹೇಗೆ ಮಾಯವಾಯಿತು ಎಂದು ಯಾರೂ ಹೇಳುತ್ತಿಲ್ಲ. ಮೊದಲು ಎಂಟು ಸಾಲಿಗೆ ಒಂದು ಸಾಲು ತೊಗರಿ, ನಡುನಡುವೆ ಅಲಸಂದೆ, ಅವರೆ. ಮೆಕ್ಕೆಜೋಳ ಬಂದಿತು, ಕಳೆ ಕೀಳಲು ಆಳು ಸಿಗಲಿಲ್ಲ, ಅಟ್ರಾಜಿನ್ ಎನ್ನುವ ಕಳೆನಾಶಕ ಹೊಡೆಯುವುದು ಶುರುವಾಯಿತು. ಆ ಔಷಧ ಜೋಳವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನೆಲ್ಲ ಸುಡುತ್ತದೆ. ಅದಕ್ಕೆ ಕಳೆ ಯಾವುದು, ಅಲಸಂದೆ ಯಾವುದು ಎನ್ನುವ ಭೇದವಿಲ್ಲ. ತೊಗರಿ ಬೇಡವೆಂದು ನಾವು ಯಾರೂ ತೀರ್ಮಾನಿಸಲಿಲ್ಲ, ಕಳೆನಾಶಕ ನಮ್ಮ ಪರವಾಗಿ ತೀರ್ಮಾನಿಸಿತು. 2025ರ ನವೆಂಬರ್‌ನಲ್ಲಿ ಅದೇ ಮೆಕ್ಕೆಜೋಳ 2400ರ ಬೆಂಬಲ ಬೆಲೆ ಇದ್ದರೂ ಎರಡು ಸಾವಿರದ ಕೆಳಗೆ ಮಾರಾಟವಾಯಿತು. ಸಾಲು ತೊಗರಿ ಇದ್ದಿದ್ದರೆ ಸಾರಿಗಾದರೂ ಆಗುತ್ತಿತ್ತು.

ನವುಲೆಯ ಕೃಷಿ ವಿದ್ಯಾರ್ಥಿನಿ

ಸೊರಬದ ಅಣ್ಣನವರಿಗೆ ನಮಸ್ಕಾರ. ನಾನು ಇನ್ನೂ ಕಲಿಯುತ್ತಿರುವವಳು, ತಪ್ಪಿದ್ದರೆ ಹಿರಿಯರು ತಿದ್ದಬೇಕು.

ನಮ್ಮ ದೇಶದಲ್ಲಿ ಬೇಳೆಕಾಳುಗಳ ಸರಾಸರಿ ಇಳುವರಿ ಹೆಕ್ಟೇರಿಗೆ 9 ಕ್ವಿಂಟಲ್ ಆಸುಪಾಸು. ಕೆನಡಾದಲ್ಲಿ ಬಟಾಣಿ ಸಾಧಾರಣ ವರ್ಷದಲ್ಲೇ 20 ಕ್ವಿಂಟಲ್ ದಾಟುತ್ತದೆ. ಇದನ್ನು ನೋಡಿ ನಮ್ಮ ರೈತರಿಗೆ ಬೇಸಾಯ ಬಾರದು ಎನ್ನುವವರಿದ್ದಾರೆ. ನನಗೆ ಅದು ಬಹಳ ನೋವಿನ ಮಾತು. ಹಸಿರು ಕ್ರಾಂತಿಯ ಕಾಲದಲ್ಲಿ ನೀರು, ತಳಿ, ಗೊಬ್ಬರ, ಖಚಿತ ಖರೀದಿ ಎಲ್ಲವೂ ಗೋಧಿಗೆ ಮತ್ತು ಭತ್ತಕ್ಕೆ ಹೋದವು. ಕಾಳುಗಳನ್ನು ಮಳೆಯಾಶ್ರಯದ, ಸವಕಲು ನೆಲಕ್ಕೆ ತಳ್ಳಲಾಯಿತು. ಉಂಡು ಬೆಳೆದ ಮಗುವನ್ನೂ ಉಪವಾಸ ಬಿಟ್ಟ ಮಗುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಗದ್ದೆಯ ವಿಷಯಕ್ಕೆ ಬರುತ್ತೇನೆ. ಭತ್ತಕ್ಕಾಗಿ ಕೆಸರು ಮಾಡಿದ ಮಣ್ಣು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಉದ್ದಿನ ಎಳೆಯ ಬೇರು ಇಳಿಯುವುದಿಲ್ಲ. ಆದ್ದರಿಂದ ನಿಮ್ಮ ತಂದೆಯವರು ನಾಲ್ಕೈದು ದಿನದೊಳಗೆ ಬಿತ್ತುತ್ತಿದ್ದದ್ದು ಬಹಳ ಸರಿ. ಹೆಬ್ಬೆರಳಿನ ಆ ಪರೀಕ್ಷೆಗೆ ಬೆಲೆಯಿದೆ, ಆದರೆ ಇನ್ನು ಹತ್ತು ದಿನ ಕಳೆದರೆ ಬೆರಳು ಇಳಿಯುವುದಿಲ್ಲ. ಬೀಜಕ್ಕೆ ರೈಜೋಬಿಯಂ ಎನ್ನುವ ಜೀವಾಣು ಗೊಬ್ಬರ ಹಚ್ಚಿ. ಬೆಲ್ಲದ ತಿಳಿಪಾಕ ಆರಿದ ಮೇಲೆ ಅದರಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಿನಲ್ಲಿ ಆರಿಸಬೇಕು. ಬಿಸಿಲಿಗೆ ಹಾಕಿದರೆ ಅದರಲ್ಲಿರುವ ಜೀವಾಣು ಸಾಯುತ್ತದೆ. ಹೂ ಬಿಡುವ ಹೊತ್ತಿಗೆ ಶೇ 2ರ ಡಿಎಪಿ ಗೊಬ್ಬರದ ತಿಳಿಯನ್ನು ಎಲೆಗೆ ಸಿಂಪಡಿಸಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಎಲೆ ಹಳದಿಗೆ ತಿರುಗಿದ ಗಿಡ ಕಂಡರೆ ಆಗಲೇ ಕಿತ್ತುಹಾಕಿ. ಅದು ಹಳದಿ ನಂಜು ರೋಗ, ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬೇಳೆಕಾಳುಗಳ ಸ್ವಾವಲಂಬನೆಗೆ 11,440 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. 2030-31ಕ್ಕೆ 350 ಲಕ್ಷ ಟನ್ ಗುರಿ. ಭತ್ತ ಕೊಯ್ದು ಖಾಲಿ ಬಿಟ್ಟ ಗದ್ದೆಗಳೂ ಅದರಲ್ಲಿ ಸೇರಿವೆ. ತೊಗರಿ, ಉದ್ದು, ಮಸೂರವನ್ನು ನೋಂದಾಯಿತ ರೈತರಿಂದ ನಾಲ್ಕು ವರ್ಷ ಬೆಂಬಲ ಬೆಲೆಗೆ ಕೊಳ್ಳುತ್ತೇವೆ ಎಂದಿದ್ದಾರೆ. ನಿಮ್ಮ ಎಂಬತ್ತು ಎಕರೆಯ ಬಯಲು ಈ ಯೋಜನೆಗೆಂದೇ ಇರುವಂತಿದೆ.

ತೀರ್ಥಹಳ್ಳಿಯ ತೋಟ

ತಂಗಿಯ ಮಾತು ಚೆನ್ನಾಗಿದೆ. ಆದರೆ ಗದ್ದೆಯೇ ಉಳಿಯದ ಕಡೆ ಏನು ಮಾಡುವುದು? ನಮ್ಮ ಊರಿನಲ್ಲಿ ಮಕ್ಕಿಗದ್ದೆಗಳೆಲ್ಲ (ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆಗಳು) ಅಡಿಕೆ ತೋಟಗಳಾಗಿವೆ. ನಾನೂ ಹಾಕಿದ್ದೇನೆ, ಮುಚ್ಚುಮರೆ ಇಲ್ಲ. ಉಳಿದ ಅರ್ಧ ಎಕರೆಯಲ್ಲಿ ಅಲಸಂದೆ ಹಾಕಿದರೆ ಮಂಗಗಳು ಬಿಡುವುದಿಲ್ಲ, ಹಂದಿ ಬಿಡುವುದಿಲ್ಲ, ನವಿಲು ಮೊಳಕೆಯನ್ನೇ ಹೆಕ್ಕುತ್ತದೆ.

ಆದರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಹೊರಗಿನ ಅಡಿಕೆ ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಗೆ ಬರುವಂತಿಲ್ಲ ಎಂದು 2023ರ ಫೆಬ್ರವರಿಯಲ್ಲಿ ಆದೇಶವಾಯಿತು. ಅದಕ್ಕೆ ಮೊದಲು 251 ಇತ್ತು. ಆ ಬೇಲಿ ಇರುವುದರಿಂದ ನಮಗೆ ಧೈರ್ಯವಿದೆ. ಧೈರ್ಯ ಇರುವುದರಿಂದಲೇ ಐದಾರು ವರ್ಷ ಕಾದು ಫಸಲು ನೋಡುವ ಮರ ನೆಡುತ್ತೇವೆ. ಉದ್ದು ಎಪ್ಪತ್ತೈದು ದಿನದ ಬೆಳೆ. ಅದಕ್ಕೆ ಎಪ್ಪತ್ತೈದು ದಿನದ ಧೈರ್ಯವನ್ನೂ ಕೊಡಲಾರೆವೇ? 2025ರಲ್ಲೂ ತೊಗರಿ, ಉದ್ದು ಸುಂಕವಿಲ್ಲದೆ ಒಳಬಂದವು. ಅಡಿಕೆಗೆ ಇರುವ ಬೇಲಿ ಅನ್ನದ ಜೊತೆ ಕಲಸುವ ಬೇಳೆಗೆ ಏಕಿಲ್ಲ?

ಗಾಂಧಿಬಜಾರಿನ ದಿನಸಿ ಅಂಗಡಿ

ತೋಟದವರೇ, ನಿಮ್ಮ ಪ್ರಶ್ನೆಯ ಮೇಲೆ ನಿನ್ನೆ ಇಡೀ ದಿನ ಯೋಚಿಸಿದೆ. ಅಡಿಕೆ ದುಬಾರಿಯಾದರೆ ಕವಳ ಹಾಕುವವರು ಒಂದು ಹೋಳು ಕಡಿಮೆ ಹಾಕುತ್ತಾರೆ. ಬೇಳೆ ದುಬಾರಿಯಾದರೆ ಮಗುವಿನ ತಟ್ಟೆಯಲ್ಲಿ ಸಾರು ನೀರಾಗುತ್ತದೆ. ಆದ್ದರಿಂದ ಅಡಿಕೆಯಷ್ಟು ಎತ್ತರದ ಬೇಲಿ ಬೇಡ ಎಂದೇ ನನ್ನ ಅಭಿಪ್ರಾಯ.

ಆದರೆ ಬೇಲಿಯೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಅಂಗಡಿಯಲ್ಲೇ ಕಂಡೆ. ಹಳದಿ ಬಟಾಣಿಗೆ 2017ರ ನವೆಂಬರ್‌ನಲ್ಲಿ ಶೇ 50 ಸುಂಕ ಹಾಕಿದ್ದರು. 2023ರ ಡಿಸೆಂಬರ್‌ನಲ್ಲಿ ಸುಂಕವನ್ನೇ ತೆಗೆದರು. ಮೊದಲು ಕೆಲವು ತಿಂಗಳಿಗೆ ಎಂದರು, ಮತ್ತೆ ಮತ್ತೆ ಅವಧಿ ಏರಿಸಿದರು. ಕೆನಡಾ, ರಷ್ಯಾದ ಬಟಾಣಿ ಕಡಲೆಬೇಳೆಗಿಂತ ಬಹಳ ಅಗ್ಗ. ಕಡಲೆಹಿಟ್ಟಿನ ಜಾಗದಲ್ಲಿ ಬಟಾಣಿಹಿಟ್ಟು ಬಂದು ಕೂತಿತು. 2024-25ರಲ್ಲಿ ಒಟ್ಟು ಆಮದು 70 ಲಕ್ಷ ಟನ್ ದಾಟಿತು. 2025ರ ನವೆಂಬರ್ 1ರಿಂದ ಬಟಾಣಿಗೆ ಮತ್ತೆ ಶೇ 30 ಸುಂಕ ಹಾಕಿದರು. ಎರಡು ವರ್ಷ ತಡವಾಯಿತು. ಬೆಲೆ ಇಳಿದರೆ ಸುಂಕ ತಾನಾಗಿ ಏರಬೇಕು, ಬೆಲೆ ಏರಿದರೆ ಇಳಿಯಬೇಕು. ಅದು ಬಿತ್ತನೆಗೆ ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಹೀಗಾದರೆ ನನ್ನಂಥ ಅಂಗಡಿಯವನಿಗೂ ಚೀಲ ತರಿಸುವಾಗ ಎದೆ ಹೊಡೆದುಕೊಳ್ಳುವುದಿಲ್ಲ.

ಕಲಬುರಗಿಯಿಂದ ಭದ್ರಾವತಿಗೆ

ಇದು ನೂರಕ್ಕೆ ನೂರು ಸರಿ. 2025ರಲ್ಲೂ ತೊಗರಿ 7550ರ ಬೆಂಬಲ ಬೆಲೆಯ ಕೆಳಗೆ ಇಳಿಯಿತು. ರಾಜ್ಯ ಸರ್ಕಾರ ಮತ್ತೆ 450 ಸೇರಿಸಿತು, ಎಂಟು ವರ್ಷಗಳ ಹಿಂದಿನದೇ ಮೊತ್ತ. ಕೊಡುವುದು ಒಳ್ಳೆಯದೇ. ಆದರೆ ಖರೀದಿ ಕೇಂದ್ರದ ಬಾಗಿಲು ಕೊಯ್ಲಿನ ವಾರದಲ್ಲೇ ತೆರೆದಿರಬೇಕು. ಸಾಲ ತಿಂಗಳು ಕಾಯುವುದಿಲ್ಲ.

ಹೊಸನಗರದ ಹಪ್ಪಳದ ಮನೆ

ನಾವು ಹನ್ನೆರಡು ಹೆಂಗಸರು ಸೇರಿ ಸ್ವಸಹಾಯ ಸಂಘದಲ್ಲಿ ಉದ್ದಿನ ಹಪ್ಪಳ, ಸಂಡಿಗೆ ಮಾಡುತ್ತೇವೆ. ಇಷ್ಟು ದಿನ ಪೇಟೆಯ ಬೇಳೆಯನ್ನೇ ತರುತ್ತಿದ್ದೆವು. ಈ ಚರ್ಚೆ ಓದಿದ ಮೇಲೆ ಹೇಳಲೇಬೇಕು ಎನ್ನಿಸಿತು.

ಹೋದ ವರ್ಷ ನೆಂಟರ ಮನೆಯಿಂದ ಗದ್ದೆಯ ಉದ್ದು ಐದು ಕಿಲೋ ಬಂದಿತ್ತು. ಸಣ್ಣ ಕಾಳು, ಮೇಲೆ ಮಣ್ಣಿನ ಮಾಸಲು ಬಣ್ಣ. ನೆನೆಸಿ, ಬುಟ್ಟಿಯಲ್ಲಿ ಉಜ್ಜಿ ಸಿಪ್ಪೆ ತೆಗೆದು ರುಬ್ಬಿದೆವು. ಹಿಟ್ಟು ಒರಳಿನ ಗುಂಡಿಗೆ ಅಂಟಿಕೊಂಡು ಬಿಡಲೇ ಇಲ್ಲ, ಅಷ್ಟು ಜಿಗಿ. ದೋಸೆ ಬೆಣ್ಣೆಯಂತೆ ಬಂದಿತು. ಆ ಉದ್ದು ಸಿಗುವುದಾದರೆ 2025-26ರ ಬೆಂಬಲ ಬೆಲೆ 7800ಕ್ಕೆ ಮೂರು ಕ್ವಿಂಟಲ್ ನಾವೇ ಕೊಳ್ಳುತ್ತೇವೆ, ಬೇಸಿಗೆಯ ಹಪ್ಪಳದ ಕೆಲಸಕ್ಕೆ. ತೊಂದರೆ ಒಂದೇ: ಅಷ್ಟನ್ನು ಕೈಯಲ್ಲಿ ಸಿಪ್ಪೆ ತೆಗೆಯಲಾಗದು, ಸಣ್ಣ ಬೇಳೆ ಯಂತ್ರ ಹತ್ತಿರದಲ್ಲಿ ಎಲ್ಲೂ ಇಲ್ಲ. ವಿದ್ಯಾರ್ಥಿನಿ ಮಗಳೇ, ಆ ಯೋಜನೆಯಲ್ಲಿ ಯಂತ್ರಕ್ಕೆ ನೆರವು ಉಂಟೇ?

ಇನ್ನೊಂದು. ಎಲ್ಲರೂ ತೊಗರಿ ತೊಗರಿ ಎನ್ನುತ್ತೀರಿ. ನಮ್ಮತ್ತೆ ವಾರಕ್ಕೆ ಎರಡು ದಿನ ಹುರುಳಿ ಕಟ್ಟಿನ ಸಾರು, ಒಂದು ದಿನ ಅಲಸಂದೆ, ಒಂದು ದಿನ ಹೆಸರು ಮಾಡುತ್ತಿದ್ದರು. ಅಂಚಿನ ಮೇಲೆ ಬೆಳೆದ ನಾಲ್ಕು ಸೇರು ತೊಗರಿಗೆ ಕೆಮ್ಮಣ್ಣು ಕಲಸಿ, ರಾತ್ರಿ ಗುಡ್ಡೆ ಹಾಕಿ, ಬಿಸಿಲಿನಲ್ಲಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಹಬ್ಬಕ್ಕೆ ಎತ್ತಿಡುತ್ತಿದ್ದರು. ದಿನವೂ ತೊಗರಿಬೇಳೆಯೇ ಬೇಕು ಎನ್ನುವುದು ನಮ್ಮ ಅಡುಗೆಮನೆಗೆ ಈಚೆಗೆ ಬಂದ ಅಭ್ಯಾಸ.

ನವುಲೆಯ ಕೃಷಿ ವಿದ್ಯಾರ್ಥಿನಿ

ಉಂಟು ಅಮ್ಮ. ದೇಶದಲ್ಲಿ ಸಾವಿರ ಸಂಸ್ಕರಣಾ ಘಟಕಗಳಿಗೆ ಗರಿಷ್ಠ 25 ಲಕ್ಷ ರೂಪಾಯಿಯವರೆಗೆ ಸಹಾಯಧನ ಎಂದಿದೆ. ನಿಮ್ಮ ಸಂಘದ ಪರವಾಗಿ ಅರ್ಜಿ ಬರೆಯಲು ನಾನು ಬರುತ್ತೇನೆ. ಸೊರಬದ ಅಣ್ಣ, ನಿಮ್ಮ ಫ್ರೂಟ್ಸ್ (ರೈತರ ನೋಂದಣಿ) ಸಂಖ್ಯೆ ಮತ್ತು ಪಹಣಿಯಲ್ಲಿ ಬೆಳೆ ದಾಖಲಾಗುವುದನ್ನು ಮರೆಯಬೇಡಿ. ಬೆಳೆ ಸಮೀಕ್ಷೆಯಲ್ಲಿ ಉದ್ದು ಎಂದು ಇಲ್ಲದಿದ್ದರೆ ಖರೀದಿ ಕೇಂದ್ರ ತೆರೆದರೂ ಮಾರಲಾಗುವುದಿಲ್ಲ. ಕಾಳಿನ ತೇವಾಂಶ ಶೇ 12 ಮೀರಬಾರದು, ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು.

ಸೊರಬದ ಗದ್ದೆಯವನು

ಎಲ್ಲರಿಗೂ ಶರಣು. ಮೂರು ದಿನ ಇಲ್ಲಿ ಬರೆಯಲಿಲ್ಲ, ಏಕೆಂದರೆ ಮನೆ ಮನೆ ತಿರುಗುತ್ತಿದ್ದೆ.

ಒಂದು ಸಂಗತಿಯನ್ನು ಮೊದಲ ದಿನ ಬರೆಯದೆ ಬಿಟ್ಟಿದ್ದೆ. ಕೊಯ್ಲಾದ ಮೇಲೆ ಊರ ದನಗಳನ್ನೆಲ್ಲ ಬಯಲಿಗೆ ಬಿಡುವುದು ನಮ್ಮಲ್ಲಿ ರೂಢಿ. ಒಬ್ಬನೇ ಉದ್ದು ಹಾಕಿದರೆ ಇಡೀ ಊರಿನ ದನ ಅದರ ಮೇಲೆ ಬೀಳುತ್ತದೆ. ಮೂರು ವರ್ಷಗಳ ಹಿಂದೆ ನಾನು ಎಪ್ಪತ್ತು ರಾತ್ರಿ ಗದ್ದೆಯಲ್ಲೇ ಮಲಗಿದ್ದೆ. ಆ ಎಪ್ಪತ್ತು ರಾತ್ರಿಗಳ ಕೂಲಿ ನನ್ನ 6660ರ ಲೆಕ್ಕದಲ್ಲಿ ಇರಲಿಲ್ಲ. ಅದನ್ನು ಸೇರಿಸಿದರೆ ಉಳಿದದ್ದು ಏನೂ ಇಲ್ಲ.

ಆದ್ದರಿಂದ ಈ ಸಲ ಒಬ್ಬನೇ ಹಾಕುವುದಿಲ್ಲ ಎಂದು ತೀರ್ಮಾನಿಸಿ, ಬಯಲಿನ ಕೆಳ ಮೂಲೆಯ ಐದು ಮನೆಗಳವರ ಹತ್ತಿರ ಮಾತನಾಡಿದೆ. ನಾಲ್ವರು ಒಪ್ಪಿದ್ದಾರೆ. ನನ್ನದೂ ಸೇರಿ ಹನ್ನೊಂದು ಎಕರೆ, ಒಂದಕ್ಕೊಂದು ಅಂಟಿಕೊಂಡಿದೆ. ಹೋಳಿಯವರೆಗೆ ಆ ಕಡೆಗೆ ದನ ಬಿಡುವುದಿಲ್ಲ ಎಂದು ಊರಿನ ಹಿರಿಯರು ದೇವಸ್ಥಾನದ ಕಟ್ಟೆಯಲ್ಲಿ ಕೂತು ಮಾತು ಕೊಟ್ಟಿದ್ದಾರೆ. ಕಾವಲು ಸರದಿಯ ಮೇಲೆ, ಐದು ದಿನಕ್ಕೊಮ್ಮೆ ಒಂದು ಮನೆ. ಐದನೆಯವರು ಬೆಲೆ ಏನಾಗುತ್ತದೋ ನೋಡಿ ಮುಂದಿನ ವರ್ಷ ಹೇಳುತ್ತೇನೆ ಎಂದರು. ಅವರನ್ನು ತಪ್ಪು ಎನ್ನಲಾರೆ.

ಹಪ್ಪಳದ ಮನೆಯ ಅಕ್ಕ, ಮೂರು ಕ್ವಿಂಟಲ್ ನಿಮಗೇ. ಉಳಿದದ್ದಕ್ಕೆ ಖರೀದಿ ಕೇಂದ್ರ ಬೇಕೆಂದು ಐವರೂ ಸಹಿ ಮಾಡಿ ನಾಳೆ ಅರ್ಜಿ ಕೊಡುತ್ತಿದ್ದೇವೆ. ಕೊಯ್ಲಿನ ವಾರದಲ್ಲಿ ಅಲ್ಲ, ಬಿತ್ತುವ ಮೊದಲೇ.

ತಂಗಿ, ಹೆಬ್ಬೆರಳು ಇನ್ನೂ ಇಳಿಯುತ್ತಿದೆ, ಆದರೆ ಮೊದಲ ದಿನದಷ್ಟಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಅರವತ್ತು ಕಿಲೋ ಬೀಜ ಇದೆಯಂತೆ, ನಮಗೆ ಅದರ ಎರಡರಷ್ಟು ಬೇಕು. ಉಳಿದದ್ದು ಎಲ್ಲಿ ಸಿಗುತ್ತದೆ ಎಂದು ಇವತ್ತೇ ತಿಳಿಸು. ಶುಕ್ರವಾರ ಬೆಳಿಗ್ಗೆ ಉಳುಮೆ.